ಡಿಂಗ್ ಎರಕ: ಮೊದಲು ಜಾಯಿಂಟ್, ಆಮೇಲೆ ಮುಖ

ಆ ಅರ ಮೊದಲು ಕೆಳಗಿಡಿ ಸರ್. ನೀವು ಎರಕ ಹೊಯ್ದು ಫೋಟೋ ಹಾಕಿರುವ ಡಿಂಗ್‌ನಲ್ಲಿ (ಕಾಲುಳ್ಳ ಹಳೆಯ ಚೀನೀ ಕಂಚಿನ ಪಾತ್ರೆ) ಅಚ್ಚಿನ ಜಾಯಿಂಟ್, ಅಂದರೆ ಹೋಳುಗಳು ಸೇರುವ ಗೆರೆ, ತಾವೊತಿಯೆ ಎಂಬ ಮೃಗಮುಖದ ಬಲಗಣ್ಣಿನ ಮೇಲೇ ಹಾದಿದೆ. ಅಲ್ಲಿ ಸೋರಿದ ಕಂಚನ್ನು ಉಜ್ಜಲು ಹೋಗಿ ಪಕ್ಕದ ಲೇವೆನ್ (ಹಿನ್ನೆಲೆಯ ಸಣ್ಣ ಸುರುಳಿ ಚಿತ್ತಾರ) ಸುರುಳಿಗಳನ್ನೂ ಅಳಿಸಿದ್ದೀರಿ. ನಾನೂ ಮಾಡಿದ್ದ ತಪ್ಪೇ ಇದು. ವಿಗ್ರಹಕ್ಕೆ ಮೇಣದ ಎರಕ ಮಾಡಿ ಅಭ್ಯಾಸವಾದ ಕೈಗೆ ಜಾಯಿಂಟಿನ ಯೋಚನೆಯೇ ಬರುವುದಿಲ್ಲ. ಚೀನಾದ ಶಾಂಗ್ ರಾಜವಂಶದ ಕಾಲದ ಆನ್ಯಾಂಗ್ ಊರಿನವರದು ಹೋಳು ಅಚ್ಚು, ಮಣ್ಣಿನ ಮಾದರಿಯ ಮೇಲೆ ಒತ್ತಿ ತೆಗೆದ ಹೋಳುಗಳನ್ನು ಜೋಡಿಸಿದ್ದು, ಅದರಲ್ಲಿ ಜಾಯಿಂಟ್ ನೋಡಿಕೊಂಡೇ ಮುಖ ಬಿಡಿಸಬೇಕು.

ಮೂರು ಮುಖದ ದುಂಡು ಡಿಂಗ್‌ಗೆ ಹೊರಗೆ ಆರು ಹೋಳು ಮಾಡಿ. ಮೂರು ಜಾಯಿಂಟ್ ಮೂಗುಗಳ ಮೇಲೆ ಬರಲಿ, ಮೂರು ಮುಖಗಳ ನಡುವೆ ಬರಲಿ. ಆರರ ಮೇಲೂ 3 ಮಿ.ಮೀ. ದಪ್ಪದ ಏಣು ನಿಲ್ಲಿಸಿ. ಕಂಚು ಸೋರಿದರೂ ಏಣಿನಲ್ಲೇ ಸೇರಿಹೋಗುತ್ತದೆ, ಚಿತ್ತಾರ ಮುಟ್ಟಬೇಕಿಲ್ಲ. ಕಾಲುಗಳ ನಡುವಿನ ತಳಕ್ಕೆ ಬೇರೆ ತ್ರಿಕೋನದ ಹೋಳು ಬೇಕು. ಹಳೆಯ ಡಿಂಗ್‌ಗಳನ್ನು ಬೋರಲು ಹಾಕಿದರೆ ಎಷ್ಟೋ ತಳಗಳಲ್ಲಿ ಈ ತ್ರಿಕೋನದ ಗೆರೆ ಇಂದಿಗೂ ಕಾಣುತ್ತದೆ.

ಲೇವೆನ್ ಕೊರೆಯುವುದು ಮಣ್ಣಿನ ಮಾದರಿಯಲ್ಲಿ, ಅಚ್ಚಿನಲ್ಲಲ್ಲ. ಅಚ್ಚಿನಲ್ಲಿ ಕೊರೆದರೆ ಕಂಚಿನ ಮೇಲೆ ದಾರ ಅಂಟಿಸಿದಂತೆ ಉಬ್ಬಿ ಬರುತ್ತದೆ, ಅದು ಆನ್ಯಾಂಗ್‌ಗಿಂತ ಹಿಂದಿನ ಪಾತ್ರೆಗಳ ರೀತಿ. ಗೆರೆ 1 ಮಿ.ಮೀ. ಆಳ ಸಾಕು, ಗೋಡೆ ಒಂಚೂರು ಓರೆ ಇರಲಿ. ನೆಟ್ಟಗೆ ಕೊರೆದರೆ ಹೋಳು ಬಿಡಿಸುವಾಗ ಮಣ್ಣು ಕಿತ್ತುಬರುತ್ತದೆ.

ಬರೀ ಆವೆಮಣ್ಣು ಬೇಡ, ಒಣಗಿದಾಗ ಕುಗ್ಗಿ ಜಾಯಿಂಟ್ ಬಾಯಿ ಬಿಡುತ್ತದೆ. ಒಂದು ಪಾಲು ಮಣ್ಣಿಗೆ ಎರಡು ಪಾಲು ಬಟ್ಟೆಯಲ್ಲಿ ಜರಡಿ ಹಿಡಿದ ನುಣ್ಣನೆ ಮರಳು ಹಾಕಿ. ಹೊರಪದರಕ್ಕೆ ಭತ್ತದ ಹೊಟ್ಟು ಸೇರಿಸಿ. ನೆರಳಲ್ಲಿ ಪೂರ್ತಿ ಒಣಗಿಸಿ ಸುಮಾರು 700 ಡಿಗ್ರಿಯಲ್ಲಿ ಸುಡಿ. ಹಸಿ ಅಚ್ಚಿಗೆ ಕಂಚು ಸುರಿಯುವುದು ಹುಡುಗಾಟವಲ್ಲ, ಆವಿ ಎದ್ದು ಲೋಹ ಮುಖಕ್ಕೇ ಸಿಡಿಯುತ್ತದೆ.

ಹೋಳು ತೆಗೆದ ಮೇಲೆ ಮಾದರಿಯನ್ನೇ 4 ಮಿ.ಮೀ. ಕೆರೆದರೆ ಕೋರ್, ಅಂದರೆ ಪಾತ್ರೆಯ ಒಳಗಿನ ಟೊಳ್ಳು ಉಳಿಸುವ ತಿರುಳು, ಸಿದ್ಧ. ಇಲ್ಲಿ ಎಲ್ಲರೂ ಎಡವುತ್ತಾರೆ. ಕೋರ್ ಒಂದಿಷ್ಟು ಸರಿದರೂ ಒಂದು ಗೋಡೆ ದಪ್ಪ, ಎದುರು ಗೋಡೆ ತೂತು. ಅದಕ್ಕೆ 4 ಮಿ.ಮೀ. ದಪ್ಪದ ಕಂಚಿನ ಚೂರುಗಳನ್ನು ನಡುವೆ ಸಿಕ್ಕಿಸಬೇಕು, ತಳದಲ್ಲಿ ಮೂರು, ಹೊಟ್ಟೆಯ ಬೋಳು ಜಾಗದಲ್ಲಿ ಮೂರು. ಚಿತ್ತಾರದ ಹಿಂದೆ ಬೇಡವೇ ಬೇಡ. ಚೂರಿನ ಮೇಲೆ ಎಣ್ಣೆ, ಕಿಲುಬು ಇದ್ದರೆ ಬೆಸೆಯದೆ ಸುತ್ತ ಸೀಳು ಉಳಿಯುತ್ತದೆ.

ತಾಮ್ರ 88, ತವರ 12 ಸಾಕು. ಹಳಬರು ಸೀಸವನ್ನೂ ಬೆರೆಸುತ್ತಿದ್ದರು, ಅದರ ಹೊಗೆ ವಿಷ, ನೀವು ಹಾಕಬೇಡಿ. ಅಚ್ಚನ್ನು ತಲೆಕೆಳಗಾಗಿ ಹೂತು, ಬಿಸಿ ಇರುವಾಗಲೇ, 1,150 ಡಿಗ್ರಿಯ ಕಂಚನ್ನು ಒಂದು ಕಾಲಿನಿಂದ ತಡೆಯಿಲ್ಲದೆ ಸುರಿಯಿರಿ. ಉಳಿದೆರಡು ಕಾಲು ಗಾಳಿಗೆ.

ಪಾತ್ರೆಯಲ್ಲಿ ಹೆಸರು ಬೇಕೆಂದಿರಲ್ಲ, ಶಾಂಗ್ ಕಾಲದ 832.84 ಕಿಲೋದ ಹೌಮುವೂ ಡಿಂಗ್‌ನಲ್ಲಿರುವಂತೆ ಒಳಗೋಡೆಗೇ ಹಾಕಿ. ಅಕ್ಷರ ಕೋರ್ ಮೇಲೆ ಉಬ್ಬಿರಲಿ, ಕನ್ನಡಿಯಲ್ಲಿ ಕಂಡಂತೆ ತಿರುಗಿರಲಿ.

ಪಿತಾಂಬರಿ ಹಾಕಿ ತಿಕ್ಕಬೇಡಿ. ದೇವರ ದೀಪಕ್ಕೆ ಅದು ಚೆನ್ನ, ಇಲ್ಲಿ ಸುರುಳಿಗಳಲ್ಲಿ ಪುಡಿ ಕೂತರೆ ಬರುವುದಿಲ್ಲ. ಹಸಿರು ಬಣ್ಣ ಬಳಿಯುವುದೂ ಬೇಡ. ಆ ಹಸಿರು 3,000 ವರ್ಷ ಮಣ್ಣಲ್ಲಿದ್ದು ಬಂದದ್ದು, ಹೊಸದರಲ್ಲಿ ಅವು ಹೊಳೆಯುತ್ತಿದ್ದವು.

ಕಣ್ಣು ಹೋದ ಈ ಡಿಂಗ್ ಎಸೆಯಬೇಡಿ. 4 ಮಿ.ಮೀ. ದಪ್ಪ ಇರುವ ಕಡೆ ಕತ್ತರಿಸಿ, ಮುಂದಿನ ಎರಕಕ್ಕೆ ಅದೇ ಚೂರು. ಆನ್ಯಾಂಗ್‌ನವರೂ ಒಡೆದ ಪಾತ್ರೆಯ ತುಂಡುಗಳನ್ನು ಹೀಗೇ ಸಿಕ್ಕಿಸುತ್ತಿದ್ದರು.