ಊರಿನ ಹೆಸರೇ ಅಡ್ಡಹೆಸರಾದಾಗ

ಅಡ್ಡಹೆಸರಿನ ಕಾರಣಕ್ಕೆ ನೆಮ್ಮದಿ ಕಳೆದುಕೊಂಡ ತರುಣ ತರುಣಿಯರು ಕಲಬುರಗಿಯ ನನ್ನ ಸಲಹಾ ಕೊಠಡಿಗೆ ಮತ್ತೆ ಮತ್ತೆ ಬರುತ್ತಾರೆ. ಬಂದಾಗ ಹೆಸರಿನ ಮಾತನ್ನು ಯಾರೂ ಎತ್ತುವುದಿಲ್ಲ. ನಿದ್ದೆ ಬಾರದಿರುವುದು, ಎದೆ ಬಡಿತ, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು, ಇಂಥವುಗಳಿಂದ ಮಾತು ಆರಂಭವಾಗುತ್ತದೆ. ಅಂಥ ಒಬ್ಬ ಯುವಕನ ಪ್ರಕರಣವನ್ನು, ಅವನ ಮತ್ತು ಅವನ ತಂದೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆದಿದ್ದೇನೆ.

ಅವನು ಜೇವರ್ಗಿ ಕಡೆಯ ಹಳ್ಳಿಯವನು, ಪರಿಶಿಷ್ಟ ಜಾತಿಯ ಕುಟುಂಬದವನು, ನಗರದ ಖಾಸಗಿ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಶಾಲೆಯ ದಾಖಲೆಯಿಂದ ಹಿಡಿದು ಆಧಾರ್‌ವರೆಗೆ ಎಲ್ಲ ಕಡೆಯೂ ಅವನ ಅಡ್ಡಹೆಸರಾಗಿ ಇರುವುದು ಊರಿನ ಹೆಸರು. ನಮ್ಮ ಭಾಗದಲ್ಲಿ ಕುಂಬಾರ, ಬಡಿಗೇರ, ಹೂಗಾರ, ಹಡಪದ ಎಂದರೆ ಕಸುಬು ತಿಳಿಯುತ್ತದೆ, ಕಸುಬಿನ ಜೊತೆಗೆ ಜಾತಿಯೂ ತಿಳಿಯುತ್ತದೆ. ಪಾಟೀಲ, ಕುಲಕರ್ಣಿ ಎಂಬವು ಗ್ರಾಮದ ಅಧಿಕಾರದಿಂದ ಬಂದ ಹೆಸರುಗಳು. ವಂಶಪಾರಂಪರ್ಯದ ಆ ಹುದ್ದೆಗಳನ್ನು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ತೆಗೆದುಹಾಕಿದರೂ, ಹೆಸರಿಗೆ ಅಂಟಿಕೊಂಡಿದ್ದ ಮರ್ಯಾದೆ ಹೋಗಲಿಲ್ಲ. ಊರಿನ ಹೆಸರಿನಿಂದ ಮಾತ್ರ ಏನೂ ತಿಳಿಯದು. ಆಗ ಕೇಳುವವರು ‘ಯಾರ ಪೈಕಿ?’ ಎನ್ನುತ್ತಾರೆ, ‘ಊರಾಗ ಮನಿ ಯಾವ ಓಣ್ಯಾಗ?’ ಎನ್ನುತ್ತಾರೆ.

ಎಳ್ಳ ಅಮಾವಾಸ್ಯೆಯ ದಿನ ಸಹೋದ್ಯೋಗಿಯೊಬ್ಬ ಅವನನ್ನು ತಮ್ಮ ಹೊಲಕ್ಕೆ ಊಟಕ್ಕೆ ಕರೆದೊಯ್ದಿದ್ದ. ಚರಗ ಚೆಲ್ಲಿ, ಎಲ್ಲರೂ ಸಾಲಾಗಿ ಕುಳಿತು ಸಜ್ಜೆ ರೊಟ್ಟಿ, ಭಜ್ಜಿ ಉಣ್ಣುವಾಗ, ಆ ಮನೆಯ ಆಳುಮಗನಿಗೆ ಮಾತ್ರ ಬದುವಿನಾಚೆ ಬೇರೆ ತಾಟಿನಲ್ಲಿ ಮೇಲಿನಿಂದ ಬಡಿಸಿದರು. ಹಿರಿಯರೊಬ್ಬರು ಆಳಿನ ಜಾತಿಯ ಹೆಸರು ಹಿಡಿದು ಏನೋ ಅಂದರು, ಎಲ್ಲರೂ ನಕ್ಕರು, ಇವನೂ ನಕ್ಕ. ಅದು ಇವನದೇ ಜಾತಿ. ಆ ರಾತ್ರಿಯಿಂದ ಅವನಿಗೆ ನಿದ್ದೆ ಹತ್ತಲಿಲ್ಲ.

ಇದೆಲ್ಲ ಹೊರಬಂದ ಮೇಲೆ ಅವನ ಸಿಟ್ಟು ತಂದೆಯ ಕಡೆಗೆ ತಿರುಗಿತು. ತಂದೆಯನ್ನೂ ಕರೆತರಲು ಹೇಳಿದೆ. ನಾಲ್ಕನೇ ಇಯತ್ತೆಯವರೆಗೆ ಓದಿದ, ತೊಗರಿ ಹೊಲಗಳಲ್ಲಿ ಕೂಲಿ ಮಾಡಿ ಮಗನನ್ನು ಓದಿಸಿದ ಮನುಷ್ಯ ಅವರು. ಕುರ್ಚಿಯ ತುದಿಯಲ್ಲಿ ಕುಳಿತು, ಟವೆಲನ್ನು ಮಡಿಚುತ್ತ ಬಿಚ್ಚುತ್ತ ಇದ್ದರು. ಮಗ ತಡೆದುಕೊಳ್ಳಲಿಲ್ಲ. ‘ಯಪ್ಪಾ, ನೀ ನಮ್ಮ ಹೆಸರು ಮುಚ್ಚಿಟ್ಟಿ. ಈಗ ನಾ ದಿನಾ ಕಳ್ಳನಂಗ ಇರಬೇಕಾಗ್ಯದ’ ಎಂದ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗನನ್ನು ಬಿಟ್ಟು ನನ್ನ ಕಡೆ ತಿರುಗಿ ಹೇಳಿದರು: ‘ಮೇಡಂ, ನಾ ಸಾಲಿಗಿ ಹೋಗೋ ಮುಂದ ಮಾಸ್ತರ ಹಾಜರಿ ಹಿಡಿವಾಗ ನನ್ನ ಹೆಸರು ಕರೀತಿದ್ದಿಲ್ಲ, ಜಾತಿ ಹೆಸರೇ ಕರೀತಿದ್ರು. ಇವನಿಗಿ ಹೆಸರು ಹಚ್ಚಲಾಕ ಹೋದಾಗ ಹೆಡ್‌ಮಾಸ್ತರ ಅಡ್ಡಹೆಸರು ಏನಂತ ಕೇಳ್ದ್ರು. ಅವರ ಹಿಂದಿನ ಗ್ವಾಡಿ ಮ್ಯಾಲ ಸಾಲಿ ಹೆಸರು ಬರದಿತ್ತು. ಅದರಾಗಿನ ಊರ ಹೆಸರು ಓದಿ ಹೇಳಿದೆ. ನಾವು ಊರ ಹೊರಗ ಇರೋ ಮಂದಿ. ಊರು ನಮ್ದೂ ಹೌದಲ್ರಿ? ಮುಚ್ಚಿಡಲಾಕ ನಾ ಬರಸಿಲ್ಲ.’

ಮಗ ಆ ಮಾತನ್ನು ಕೇಳುತ್ತಿದ್ದುದು ಅದೇ ಮೊದಲು. ಊರು ತಮ್ಮದೂ ಹೌದೆಂದು ತಂದೆ ಬರೆಸಿದ್ದ ಹೆಸರು, ಕಾರಣ ತಿಳಿಯದ ಮಗನ ಪಾಲಿಗೆ ಅವಿತುಕೊಳ್ಳುವ ಜಾಗವಾಗಿಬಿಟ್ಟಿತ್ತು. ಹೆಸರಿನ ಪ್ರಶ್ನೆಯಲ್ಲಿ ನಾನು ಕೊಡುವ ಸಲಹೆಗಳಿಗೆಲ್ಲ ಈಗ ಈ ಒಂದು ಅರಿವೇ ಆಧಾರ.

ಜಾತಿಯನ್ನು ಕಚೇರಿಯಲ್ಲಿ ಹೇಳಿಬಿಡಲೇ ಎಂದು ಅವನು ಕೇಳಿದ. ಯಾರಿಗೂ ಹೇಳಲೇಬೇಕಾದ ಋಣ ನಿನ್ನ ಮೇಲಿಲ್ಲ, ಹೇಳದಿದ್ದರೆ ಅದು ಸುಳ್ಳೂ ಆಗದು ಎಂದೆ. ನಂಬಿಕೆ ಹುಟ್ಟಿಸಿದ ಒಬ್ಬರ ಮುಂದೆ, ತಾನೇ ಆರಿಸಿದ ಹೊತ್ತಿನಲ್ಲಿ ಹೇಳಬಹುದು, ‘ಯಾರ ಪೈಕಿ?’ ಎಂದವರಿಗೆ ‘ಅದ್ಯಾಕ ಬೇಕ್ರಿ?’ ಎಂದು ತಿರುಗಿ ಕೇಳಿ ಸುಮ್ಮನಾಗಬಹುದು. ಆದರೆ ಜಾತಿ ಹಿಡಿದು ಹೀಯಾಳಿಸುವಲ್ಲಿ ಜೊತೆಗೂಡಿ ನಗುವುದನ್ನು ಮಾತ್ರ ಬಿಡಬೇಕು, ಎದ್ದುಹೋದರೂ ಸರಿ ಎಂದು ಸೂಚಿಸಿದೆ. ಆ ನಗೆಯೇ ಅವನನ್ನು ಒಳಗಿನಿಂದ ತಿನ್ನುತ್ತಿತ್ತು.

ಚಳವಳಿಯಲ್ಲಿರುವ ಗೆಳೆಯರೊಬ್ಬರು ಈ ಸಲಹೆಗೆ ಆಕ್ಷೇಪಿಸಿದರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ ಎಂದು ಕುಲ ಕಾಯಕಗಳನ್ನು ಹೆಸರಲ್ಲೇ ಹೊತ್ತ ಶರಣರ ನಾಡಿನಲ್ಲಿ ಹುಡುಗನಿಗೆ ಮೌನ ಕಲಿಸುವುದೇ ಎಂಬುದು ಅವರ ಪ್ರಶ್ನೆ. ಆ ಶರಣರ ಬೆನ್ನಿಗೆ ಒಂದು ಸಮೂಹವಿತ್ತು. ಹರಳಯ್ಯ ಮಧುವರಸರ ಮಕ್ಕಳ ಮದುವೆಗಾಗಿ ಆ ಸಮೂಹವೂ ತೆತ್ತ ಬೆಲೆಯನ್ನು ಬಸವಕಲ್ಯಾಣದವರು ಮರೆತಿಲ್ಲ. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರುವ ಹುಡುಗನಿಗೆ ಧೈರ್ಯವನ್ನು ಹೊರಗಿನವರು ವಿಧಿಸಲಾಗದು. ಅದರಲ್ಲೂ ಈ ಭಾಗದಲ್ಲಿ ಕೇಳದೆಯೇ ಗೌರವ ತರುವ ಅಡ್ಡಹೆಸರುಳ್ಳ ನನ್ನಂಥವಳು ಅದನ್ನು ವಿಧಿಸುವುದು ಅನ್ಯಾಯವೆಂದೇ ನನ್ನ ದೃಢವಾದ ನಂಬಿಕೆ. ಪ್ರಶ್ನೆ ಕೇಳುವವರ ಬಾಯಿ ಕಟ್ಟಬೇಕೇ ಹೊರತು, ಉತ್ತರಿಸುವವನ ಧೈರ್ಯವನ್ನು ಪರೀಕ್ಷಿಸಬಾರದು.

ಹೆಸರು ಬದಲಿಸಿದವರನ್ನೂ ನಾನು ತಪ್ಪೆನ್ನುವುದಿಲ್ಲ. ತಂದೆ ತನ್ನ ಅಡ್ಡಹೆಸರನ್ನು ಮೋಚಿಯಿಂದ ನಾಯಕ್ ಎಂದು ಬದಲಿಸಿಕೊಂಡಿದ್ದರಿಂದ ಇಬ್ಬರು ಸಹೋದರರು ತಮ್ಮ ಅಂಕಪಟ್ಟಿಗಳಲ್ಲೂ ಹಾಗೆಯೇ ತಿದ್ದಲು ಕೋರಿದ್ದ ಪ್ರಕರಣದಲ್ಲಿ, ಪೂರ್ವಗ್ರಹಕ್ಕೆ ಗುರಿಮಾಡುವ ಜಾತಿಯೊಡನೆ ಗುರುತಿಸಿಕೊಳ್ಳದಿರಲು ಬಯಸುವುದು ತಪ್ಪಲ್ಲ, ಗುರುತಿನ ಹಕ್ಕು ಸಂವಿಧಾನದ 21ನೇ ವಿಧಿಯಲ್ಲೇ ಅಡಗಿದೆ ಎಂದು ದೆಹಲಿ ಹೈಕೋರ್ಟ್ 2023ರಲ್ಲಿ ಹೇಳಿದೆ. ಹೆಸರು ಬದಲಾದರೆ ಜಾತಿ ಬದಲಾಗದು, ಮೀಸಲಾತಿ ಹೋಗುವುದೂ ಇಲ್ಲ, ಹೊಸದಾಗಿ ಬರುವುದೂ ಇಲ್ಲ. ಆದರೆ ಅವಮಾನವಾದ ಮರುದಿನವೇ ಅಫಿಡವಿಟ್ ಮಾಡಿಸಲು ಹೊರಟವರಿಗೆ ಸ್ವಲ್ಪ ತಾಳಿ ಎನ್ನುತ್ತೇನೆ. ಓಣಿ, ದೇವರು, ಊಟ ವಿಚಾರಿಸಿ ಜಾತಿ ಹುಡುಕುವವರನ್ನು ಹೊಸ ಹೆಸರು ತಡೆಯುವುದಿಲ್ಲ.

ಮಕ್ಕಳ ಹೆಸರು ಹಚ್ಚುವಾಗ ಯಾವ ಅಡ್ಡಹೆಸರು ಬರೆಸಬೇಕೆಂದು ಕೇಳುವ ಪಾಲಕರಿಗೆ ನಾನು ಹೇಳುವುದು ಇಷ್ಟೇ: ನಿಮಗೆ ಸರಿಕಂಡದ್ದನ್ನು ಬರೆಸಿ, ಆದರೆ ಯಾಕೆ ಬರೆಸಿದಿರಿ ಎಂಬುದನ್ನು ಮಗು ಹೈಸ್ಕೂಲು ಮುಟ್ಟುವ ಮೊದಲು ಮನೆಯಲ್ಲೇ ಕೂರಿಸಿಕೊಂಡು ಹೇಳಿ. ನಿದ್ದೆಗೆಟ್ಟು ಒಬ್ಬರೇ ಒದ್ದಾಡುತ್ತಿರುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಪರಿಶಿಷ್ಟ ಜಾತಿ, ಪಂಗಡದವರನ್ನು ನಾಲ್ಕು ಜನರ ಮುಂದೆ ಜಾತಿ ಹಿಡಿದು ಬೈಯುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಅದರ ದೂರಿಗೆ ಸಹಾಯವಾಣಿ 14566.