ಗೆಳೆಯನಿಗೆ ಹಿಡಿಸಿದ ಕೈರೋಪ್ರಾಕ್ಟಿಕ್ ನನಗೂ ಹಿಡಿಸುತ್ತದಾ?

ಕೈರೋಪ್ರಾಕ್ಟಿಕ್ ಅಂದರೆ ಬೆನ್ನು, ಕೀಲುಗಳನ್ನು ಕೈಯಿಂದ ಒತ್ತಿ, ತಿರುಗಿಸಿ ಮಾಡುವ ಚಿಕಿತ್ಸೆ. ಅದರಿಂದ ಗೆಳೆಯನ ಸೊಂಟ ಹೈದರಾಬಾದಿನಲ್ಲಿ ಎರಡೇ ಸಿಟಿಂಗ್‌ಗೆ ಸರಿಯಾಯಿತು, ನಾನೂ ಅಲ್ಲೇ ಹತ್ತು ಸಿಟಿಂಗ್ ಪ್ಯಾಕೇಜ್ ತಗೊಳ್ಳಲಾ ಅಂತ ಕೇಳಿದ್ದೀರಿ. ತಗೊಳ್ಳಬೇಡಿ. ನಾನೂ ಹೀಗೇ ಇನ್ನೊಬ್ಬರನ್ನು ನೋಡಿ ಹೋಗಿದ್ದೆ.

ನಮ್ಮದು ಶಹಾಬಾದ್ ಫರಸಿ ಕಲ್ಲಿನ ವ್ಯಾಪಾರ, ಮನೆ ಕಲಬುರಗಿಯಲ್ಲಿ. ಲಾರಿಯಲ್ಲಿ ಓಡಾಡಿ ಓಡಾಡಿ ಅಣ್ಣನ ಸೊಂಟ ಹಿಡಿದುಕೊಂಡಿತ್ತು. ಒಬ್ಬ ಕೈರೋಪ್ರಾಕ್ಟರ್ ಹತ್ತಿರ ಹೋಗಿ ಬಂದ, ಹಗುರಾಯಿತು. ನನಗೂ ಸೊಂಟ ನೋವು. ಅಲ್ಲಿಗೇ ಹೋಗಿ, 'ಅಣ್ಣಗ ಮಾಡಿದ್ದನ್ನೇ ಮಾಡ್ರಿ' ಅಂದೆ. ಅವರೂ ಜಾಸ್ತಿ ಏನೂ ಕೇಳದೆ ಸೊಂಟ ತಿರುಗಿಸಿ ಲಟಕ್ ಅನ್ನಿಸಿದರು.

ನಾನು ಬಾಯಿಬಿಡದೇ ಇದ್ದದ್ದು ಇದು: ನನ್ನ ನೋವು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಕುಂಡಿಯಿಂದ ಕಾಲಿನ ಹೊರಬದಿಗೆ ಇಳಿದು ಹೆಬ್ಬೆರಳಿನವರೆಗೆ ಜುಮ್ಮೆನ್ನುತ್ತಿತ್ತು. ಕೆಮ್ಮಿದರೆ ಕರೆಂಟ್ ಹೊಡೆದಂತಾಗುತ್ತಿತ್ತು. ಅಣ್ಣನಿಗೆ ಇದ್ಯಾವುದೂ ಇರಲಿಲ್ಲ. ಅವನದು ಬಿಗಿದ ಕೀಲು, ನನ್ನದು ಒತ್ತಿದ ನರ. ಸೊಂಟ ನೋವು ಅಂದರೆ ಸೊಂಟ ನೋವು, ಎಲ್ಲರಿಗೂ ಒಂದೇ ಅಂದುಕೊಂಡಿದ್ದೆ. ಆ ರಾತ್ರಿ ಹೆಬ್ಬೆರಳು ಮೇಲೆತ್ತಲು ಆಗಲಿಲ್ಲ. ಆ ಸೀಸನ್ ಪೂರ್ತಿ ವ್ಯಾಪಾರ ಅಣ್ಣನ ಮೇಲೆ ಬಿತ್ತು.

ಮೂಳೆ ಡಾಕ್ಟರ್ ಮೊದಲು ಮಲಗಿಸಿ ಕಾಲು ನೇರವಾಗಿ ಎತ್ತಿ ನೋಡಿದರು. ಹಿಮ್ಮಡಿ ಮೇಲೆ ನಡೆಸಿದರು, ಸುತ್ತಿಗೆಯಿಂದ ತಟ್ಟಿದರು. ಆಮೇಲೆ ಎಂಆರ್‌ಐ. ನಾಲ್ಕು-ಐದನೇ ಸೊಂಟದ ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ನರವನ್ನು ಒತ್ತಿತ್ತು. ಲಟಕ್‌ನಿಂದಲೇ ಹೀಗಾಯಿತು ಅಂತ ಅವರು ಹೇಳಲಿಲ್ಲ. ಕಾಲು ಪರೀಕ್ಷಿಸದೆ ಸೊಂಟ ತಿರುಗಿಸಬಾರದಿತ್ತು ಅಂತ ಮಾತ್ರ ಖಡಾಖಂಡಿತ ಹೇಳಿದರು. ಅಂದಹಾಗೆ ಆ ಸದ್ದು ಮೂಳೆ ಜಾಗಕ್ಕೆ ಕೂರುವ ಸದ್ದಲ್ಲ, ಕೀಲಿನ ದ್ರವದಲ್ಲಿ ಗಾಳಿಗುಳ್ಳೆ ಏಳುವ ಸದ್ದು. ಸದ್ದು ಬಂದರೆ ಗುಣವಾಯಿತು ಅಂತ ಅಲ್ಲ.

ಮುಂದೆ ಫಿಸಿಯೋಥೆರಪಿಸ್ಟ್ ಬೋರಲು ಮಲಗಿಸಿ ಎದೆ ಎತ್ತಿಸಿದರು. ನೋವು ಕಾಲು ಬಿಟ್ಟು ಸೊಂಟಕ್ಕೆ ಮೇಲೇರಿತು. ಅದು ಒಳ್ಳೆ ಗುರುತು ಅಂದರು. ಅಣ್ಣನ ವ್ಯಾಯಾಮ, ಮೊಣಕಾಲು ಎದೆಗೆ ಎಳೆಯುವುದು, ನನಗೆ ನೋವು ಹೆಚ್ಚಿಸಿತು. ನಮ್ಮ ಅವ್ವನಿಗೆ ಅದೇ ಆರಾಮ. ಅವರ ಬೆನ್ನುಹುರಿಯ ನಾಳ ಕಿರಿದಾಗಿದೆ, ಮುಂದೆ ಬಾಗಿದರೇ ನಡೆಯಬಲ್ಲರು. ಅಸ್ತಮಾಕ್ಕೆ ವರ್ಷಗಟ್ಟಲೆ ಸ್ಟೀರಾಯ್ಡ್ ತಗೊಂಡು ಮೂಳೆ ಟೊಳ್ಳಾಗಿದೆ, ಹಾಗಾಗಿ ಅವರಿಗೆ ಜೋರಾಗಿ ಒತ್ತುವುದೇ ಬೇಡ. ಒಂದೇ ಮನೆಯ ಮೂವರಿಗೆ ಮೂರು ದಾರಿ ಬೇಕಾಯಿತು, ಅಲ್ವಾ?

ಕೈರೋಪ್ರಾಕ್ಟಿಕ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ದೀರ್ಘಕಾಲದ ಸೊಂಟ ನೋವಿಗೆ ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ತಿರುಗಿಸುವ ಇಂಥ ಚಿಕಿತ್ಸೆಯನ್ನೂ ಪರಿಗಣಿಸಬಹುದು ಅಂತ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಒಳ್ಳೆಯವರು ನಿಮ್ಮ ಕೆಲಸ, ಮಾತ್ರೆ, ಹಳೇ ಪೆಟ್ಟು ಎಲ್ಲ ಕೇಳಿ, ನಿಮ್ಮ ಮೈಗೆ ತಕ್ಕಂತೆ ಒತ್ತುವ ಬಲ ಬದಲಿಸುತ್ತಾರೆ. ಕೆಲವರಿಗೆ ಕೈಯೊತ್ತಡವೇ ಇಲ್ಲದೆ ಸಣ್ಣ ಉಪಕರಣ ಬಳಸುತ್ತಾರೆ. ಪರೀಕ್ಷೆಗೂ ಮೊದಲೇ ಹತ್ತು ಸಿಟಿಂಗ್ ಎಂದವರು ನಿಮ್ಮ ಸೊಂಟವನ್ನು ನೋಡಿಯೇ ಇಲ್ಲ. ಗೋಣನ್ನು ಝಟ್ಟನೆ ತಿರುಗಿಸುವುದಕ್ಕಂತೂ ಸುಮ್ನೆ ಒಪ್ಪಬೇಡಿ. ಅಪರೂಪಕ್ಕೆ ಮಿದುಳಿಗೆ ಹೋಗುವ ರಕ್ತನಾಳ ಹರಿದು ಲಕ್ವ ಹೊಡೆಯುವುದುಂಟು.

ನಿಮ್ಮ ನೋವು ಮೊಣಕಾಲು ದಾಟಿ ಇಳಿಯುತ್ತದಾ ಅಂತ ಬರೆದಿಲ್ಲ. ಇಳಿಯುತ್ತಿದ್ದರೆ ಮೊದಲು ಮೂಳೆ ಡಾಕ್ಟರ್ ಹತ್ತಿರ ಹೋಗಿ. ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ, ತೊಡೆಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ ಬೆಳಗಿನವರೆಗೂ ಕಾಯಬೇಡಿ, ಆಗಲೇ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.