ಇಂಗ್ಲಿಷ್ ಪಾಠ ಸರಾಗವಾಗಿ ಓದುವ ಮಗಳು ಸ್ವಂತ ವಾಕ್ಯ ಬರೆಯಲು ಯಾಕೆ ತಡವರಿಸುತ್ತಾಳೆ?

ದಾವಣಗೆರೆಯ ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ಕ್ಲಾಸು ಓದುವ ನಿಮ್ಮ ಮಗಳಿಗೆ ಕಷ್ಟವಾಗುತ್ತಿರುವುದು ಬಹುಶಃ ಪದಗಳಲ್ಲ, ಯಾವ ಪದ ಎಲ್ಲಿ ಕೂರಬೇಕು ಎಂಬುದು.

ಕನ್ನಡದಲ್ಲಿ ಯಾರು ಯಾರಿಗೆ ಏನು ಮಾಡಿದರು ಎಂದು ಹೇಳುವುದು ವಿಭಕ್ತಿ ಪ್ರತ್ಯಯ. ‘ನಾಯಿ ಹುಡುಗನನ್ನು ಕಚ್ಚಿತು’ ಅನ್ನಿ, ‘ಹುಡುಗನನ್ನು ನಾಯಿ ಕಚ್ಚಿತು’ ಅನ್ನಿ, ಕಚ್ಚಿದ್ದು ನಾಯಿಯೇ. ಆ ‘ಅನ್ನು’ ಕಾಪಾಡುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸ ಪದದ ಜಾಗದ್ದು. ‘ದ ಡಾಗ್ ಬಿಟ್ ದ ಬಾಯ್’ನಲ್ಲಿ ಡಾಗ್, ಬಾಯ್ ಅದಲುಬದಲಾದರೆ ಹುಡುಗನೇ ನಾಯಿಗೆ ಬಾಯಿ ಹಾಕಿದ ಹಾಗಾಯಿತು! ಜೊತೆಗೆ ‘ದೋಸೆ ತಿಂದೆವು’ ಎನ್ನಲು ನಮಗೆ ‘ನಾವು’ ಬೇಕಿಲ್ಲ. ಅದೇ ರೂಢಿಯಲ್ಲಿ ಮಕ್ಕಳು ಇಂಗ್ಲಿಷಿನಲ್ಲೂ ‘ವಿ’ ಬಿಟ್ಟು ಬರೆಯುತ್ತಾರೆ.

ವ್ಯಾಕರಣದ ಪಟ್ಟಿ ಉರು ಹೊಡೆಸಬೇಡಿ. ‘ವಿ’, ‘ಏಟ್’, ‘ಬೆಣ್ಣೆ ದೋಸೆ’, ‘ಇನ್’, ‘ದಾವಣಗೆರೆ’ ಎಂದು ಐದು ಚೀಟಿ ಬರೆದು ಕೊಡಿ. ಮೊದಲು ‘ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದೆವು’ ಎಂದು ಕನ್ನಡದಲ್ಲೇ ಹೇಳಲಿ, ಆಮೇಲೆ ಚೀಟಿ ಜೋಡಿಸಲಿ. ‘ದಾವಣಗೆರೆಯಲ್ಲಿ’ಯ ‘ಅಲ್ಲಿ’ ಹಿಂದಿನಿಂದ ಎದ್ದು ‘ಇನ್’ ಆಗಿ ಮುಂದೆ ಕೂತದ್ದು ಕೈಗೇ ಗೊತ್ತಾಗುತ್ತದೆ. ಗೈಡಿನ ಉತ್ತರ ಕಾಪಿ ಮಾಡಿಸಿದರೆ ಅಕ್ಷರ ದುಂಡಗಾಗಬಹುದು, ಅಷ್ಟೇ.